ಸಾಧು ಅಂದ್ರೆ ಸುಮ್ಮನಿರೋರು ಅಂತಲ್ಲ

 

ಇವತ್ತಿನ ಕಂತು ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ ಹುಟ್ಟಿದ್ದು. ಹೆಸರು ಹೇಳಲ್ಲ. ಮೊದಲ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿರೋ ಹುಡುಗಿ. ಅವರು ಹೇಳಿದ್ದು ಇಷ್ಟು: ನಾನು ಚರ್ಚಿಗೆ ಹೋಗೋ ಮನೆಯವಳು, ಚಿಕ್ಕಂದಿನಿಂದ ಸಾಧುವಾಗಿರು, ಸಾಧುವಾಗಿರು ಅಂತ ಕೇಳ್ಕೊಂಡೇ ಬೆಳೆದೆ. ಹಾಗೇ ಇದ್ದೆ. ಅದರಿಂದ ಸಿಕ್ಕಿದ್ದೇನಂದ್ರೆ ಬೇರೆಯವರ ಕೆಲಸವೂ ನನ್ನ ಟೇಬಲ್ ಮೇಲೆ. ಇದನ್ನ ಬೈಬಲ್ ಬಲ ಅಂತ ಹೇಗೆ ಕರೆಯುತ್ತೆ?

ಪ್ರಶ್ನೆ ಸರಿಯಾಗೇ ಇದೆ. ನಮ್ಮ ಗಾದೆಯೂ ಅವರ ಪರವಾಗೇ ಇದೆ ಅಲ್ವಾ, ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ. ‘ಪಾಪ, ಸಾಧು ಮನುಷ್ಯ’ ಅಂತ ನಾವು ಯಾರನ್ನಾದ್ರೂ ಅಂದಾಗ ಅದರಲ್ಲಿ ಮೆಚ್ಚುಗೆ ಎಷ್ಟು, ಕನಿಕರ ಎಷ್ಟು ಅಂತ ಒಂದ್ಸಲ ಯೋಚಿಸಿ. ಬಾಯಿ ಸತ್ತವನು ಅನ್ನೋದನ್ನೇ ಸ್ವಲ್ಪ ಮರ್ಯಾದೆಯಾಗಿ ಹೇಳಿದ ಹಾಗೆ.

ನನಗೆ ಈ ವಿಷಯ ಮಾತಾಡೋಕೆ ಅರ್ಹತೆ ಇದೆಯಾ ಅಂತ ಕೇಳಿದ್ರೆ, ಇಲ್ಲ. ಮೊದಲೇ ಹೇಳಿಬಿಡ್ತೀನಿ. ಮೂರು ತಿಂಗಳ ಹಿಂದೆ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ನಾನೊಂದು ವಾಯ್ಸ್ ನೋಟ್ ಹಾಕಿದೆ. ಎರಡು ನಿಮಿಷ ನಲವತ್ತು ಸೆಕೆಂಡ್. ಊರಲ್ಲಿರೋ ಅಜ್ಜಿ ಮನೆ ವಿಷಯ. ಅಜ್ಜಿ ವಿಲ್ ಬರೆಯದೇ ತೀರಿಕೊಂಡ್ರು. ಮಾವ, ಅಂದ್ರೆ ಅಮ್ಮನ ತಮ್ಮ, ಅಮ್ಮನನ್ನ ಒಂದು ಮಾತೂ ಕೇಳದೆ ಮನೆ ಮಾರೋ ಮಾತುಕತೆ ಶುರು ಮಾಡಿದ್ರು. ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಇಲ್ಲದಿದ್ರೆ ಅದರ ಪ್ರಕಾರ ಮಗಳಿಗೂ ಮಗನಿಗೂ ಸಮಪಾಲು. ಅದನ್ನಷ್ಟೇ ಹೇಳಿದ್ದಿದ್ರೆ ಆಗ್ತಿತ್ತು. ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಜ್ಜಿ ಆಸ್ಪತ್ರೇಲಿದ್ದಾಗ ನೀವೆಷ್ಟು ಸಲ ಬಂದ್ರಿ ಅಂತ ಶುರು ಮಾಡಿ, ಅವರ ಮಕ್ಕಳ ಓದು, ಅವರ ಸಾಲ, ಎಲ್ಲಾ ಎಳೆದೆ. ಗ್ರೂಪ್‌ನಲ್ಲಿ ಇಪ್ಪತ್ಮೂರು ಜನ. ನೀಲಿ ಟಿಕ್ ಒಂದೊಂದಾಗಿ ಬೀಳ್ತಾ ಇತ್ತು, ನನಗೆ ಒಳಗೊಳಗೇ ಖುಷಿ.

ಅಮ್ಮ ಅವತ್ತು ರಾತ್ರಿ ಹೇಳಿದ್ದು ಒಂದೇ ಮಾತು. ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದ್ರೆ ಅವನು ಇನ್ನು ನನ್ನ ಮುಖ ಹೆಂಗೆ ನೋಡ್ತಾನೆ?

ಆಮೇಲೆ ಈ ಪದದ ಬೆನ್ನು ಹತ್ತಿದೆ.

ನಮ್ಮ ಮನೆಯ ಹಳೆಯ ಸತ್ಯವೇದದಲ್ಲಿ ಇದು ಒಂದೇ ಪದವಾಗಿ ಬರಲ್ಲ. ಯೇಸುವಿನ ಪರ್ವತ ಪ್ರಸಂಗದಲ್ಲಿ ಭೂಮಿ ಯಾರ ಪಾಲಾಗುತ್ತೆ ಅನ್ನೋ ಕಡೆ ‘ಶಾಂತರು’ ಅಂತಿದೆ. ಯೇಸು ತನ್ನ ಬಗ್ಗೆ ತಾನೇ ಹೇಳ್ಕೊಳ್ಳೋ ಕಡೆ ‘ಸಾತ್ವಿಕ’. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಪವಿತ್ರಾತ್ಮದ ಫಲಗಳ ಪಟ್ಟಿಯಲ್ಲಿ, ‘ಸಾಧುತ್ವ’. ಮೂರರ ಹಿಂದೆಯೂ ಇರೋದು ಒಂದೇ ಗ್ರೀಕ್ ಪದದ ಕುಟುಂಬ, ‘ಪ್ರಾಉಸ್’. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಈ ಗುಣವನ್ನ ಕೋಪದ ಲೆಕ್ಕದಲ್ಲೇ ವಿವರಿಸ್ತಾನೆ. ಒಂದು ಕಡೆ ಎಲ್ಲದಕ್ಕೂ ಸಿಡಿಯೋ ಮನುಷ್ಯ, ಇನ್ನೊಂದು ಕಡೆ ಯಾವುದಕ್ಕೂ ಕೋಪವೇ ಬರದ ಮನುಷ್ಯ. ಈ ಗುಣ ಇರೋದು ನಡುವೆ. ಸರಿಯಾದ ವಿಷಯಕ್ಕೆ, ಸರಿಯಾದವರ ಮೇಲೆ, ಸರಿಯಾದ ಹೊತ್ತಿಗೆ, ಸರಿಯಾದಷ್ಟೇ ಕೋಪ. ಕೋಪವೇ ಬರದೋನನ್ನ ಅವನು ಹೊಗಳಲ್ಲ, ಮಂಕ ಅಂತಾನೆ. ಇದನ್ನ ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು, ಕೋಪ ಬರೋದೇ ತಪ್ಪಲ್ಲವಲ್ಲ ಅಂತ. ಆಮೇಲೆ ಆ ನಾಲ್ಕು ‘ಸರಿಯಾದ’ಗಳನ್ನ ನನ್ನ ವಾಯ್ಸ್ ನೋಟ್‌ಗೆ ಹೊಂದಿಸಿ ನೋಡಿದೆ. ಮೊದಲನೆಯದಷ್ಟೇ ಪಾಸ್. ಇನ್ನು ಕ್ಸೆನೊಫೋನ್ ಅನ್ನೋ ಗ್ರೀಕ್ ಲೇಖಕ ಕುದುರೆ ಸಾಕಣೆ ಬಗ್ಗೆ ಬರೆಯುವಾಗ ಮನುಷ್ಯರಿಗೆ ಒಗ್ಗಿದ ಮರಿಗೂ ಇದೇ ಪದ ಬಳಸ್ತಾನೆ. ಒಗ್ಗಿದ ಕುದುರೆಗೆ ಕಾಲಿನ ಬಲವೇನೂ ಕಮ್ಮಿ ಆಗಿರಲ್ಲ.

ಯೇಸು ಆ ಮಾತನ್ನ ಹೊಸದಾಗಿ ಹುಟ್ಟಿಸಿದ್ದೂ ಅಲ್ಲ. 37ನೇ ಕೀರ್ತನೆಯಲ್ಲಿ ಅದು ಆಗಲೇ ಇದೆ. ಅಲ್ಲಿರೋ ಹೀಬ್ರೂ ಪದ ‘ಆನಾವ್’, ಅದರ ಬೇರು ಬಡತನ, ಕುಗ್ಗಿಸಲ್ಪಟ್ಟವರು ಅನ್ನೋ ಅರ್ಥಕ್ಕೆ ಹತ್ತಿರ. ಆ ಕೀರ್ತನೆ ಬರೀ ಮನಶ್ಶಾಂತಿಯ ಹಾಡು ಅಂತ ನಾನು ಅಂದುಕೊಂಡಿದ್ದೆ. ಕೂತು ಓದಿದ್ರೆ ಅದು ಅನ್ಯಾಯದವರು ಉದ್ಧಾರ ಆಗ್ತಿರೋದನ್ನ ನೋಡಿ ಹೊಟ್ಟೆ ಉರ್ಕೊಳ್ತಿರೋರಿಗೆ ಬರೆದದ್ದು, ಮತ್ತೆ ಮತ್ತೆ ಬರೋದು ಜಮೀನಿನ ಮಾತು. ಯಾರಿಗೆ ಭೂಮಿ ಸಿಗುತ್ತೆ, ಯಾರು ಅದರಲ್ಲಿ ನೆಲೆಯಾಗಿ ಉಳೀತಾರೆ. ಆಸ್ತಿ ಜಗಳದ ನಡುವೆ ಅದನ್ನ ಓದೋದು ವಿಚಿತ್ರ ಅನುಭವ, ನಂಬಿ.

ಬೈಬಲ್‌ನಲ್ಲಿ ಭೂಮಿ ಮೇಲಿನ ಎಲ್ಲರಿಗಿಂತ ಸಾಧು ಅನ್ನಿಸಿಕೊಂಡ ಮನುಷ್ಯ ಮೋಶೆ. ಅರಣ್ಯಕಾಂಡದ 12ನೇ ಅಧ್ಯಾಯ. ಯಾವ ಮೋಶೆ? ಹರೆಯದಲ್ಲಿ ಒಬ್ಬ ಐಗುಪ್ತದವನನ್ನ ಹೊಡೆದು ಕೊಂದು ಮರಳಲ್ಲಿ ಹೂತವನು. ಬಂಗಾರದ ಕರುವನ್ನ ನೋಡಿ ಕೈಯಲ್ಲಿದ್ದ ಕಲ್ಲಿನ ಹಲಗೆಗಳನ್ನ ಎತ್ತಿ ಒಡೆದವನು. ಇಂಥವನಿಗೆ ಈ ಬಿರುದು ಸಿಕ್ಕಿದ್ದು ಯಾವಾಗ ಅಂದ್ರೆ, ಸ್ವಂತ ಅಕ್ಕ ಮಿರ್ಯಾಮ್, ಅಣ್ಣ ಆರೋನ ಇಬ್ಬರೂ ಸೇರಿ ಅವನ ಹೆಂಡತಿಯ ವಿಷಯ ಎತ್ತಿ, ದೇವರು ಇವನ ಮೂಲಕ ಮಾತ್ರ ಮಾತಾಡ್ತಾನಾ ಅಂತ ಕೊಂಕು ತೆಗೆದಾಗ. ಮೋಶೆ ಉತ್ತರ ಕೊಡಲ್ಲ. ಮುಂದೆ ಮಿರ್ಯಾಮ್‌ಗೆ ಚರ್ಮರೋಗ ಬಂದಾಗ ಅವನು ಬಾಯಿ ತೆರೆಯೋದು ಅವಳು ವಾಸಿಯಾಗಲಿ ಅಂತ ಕೇಳೋಕೆ. ತನಗಾದ ಅವಮಾನಕ್ಕೆ ಬಾಯಿ ಮುಚ್ಚಿದ, ಅವಳ ನೋವಿಗೆ ಬಾಯಿ ತೆರೆದ. ಫರೋಹನ ಮುಂದೆ ನಿಂತು ಜನರನ್ನ ಬಿಡು ಅಂದವನೂ ಇವನೇ. ಹಾಗಂತ ಅವನು ಯಾವಾಗ್ಲೂ ಗೆದ್ದ ಅಂತಲ್ಲ. ಎಂಟು ಅಧ್ಯಾಯ ದಾಟಿದ್ರೆ ಜನರ ಗೊಣಗಾಟಕ್ಕೆ ರೋಸಿಹೋಗಿ ಬಂಡೆಗೆ ಎರಡು ಸಲ ಕೋಲಿಂದ ಹೊಡೀತಾನೆ, ಅದರಿಂದ ಆ ದೇಶದೊಳಗೆ ಕಾಲಿಡೋ ಅವಕಾಶವನ್ನೇ ಕಳ್ಕೊಳ್ತಾನೆ.

ಇನ್ನು ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದನ್ನ ತಿರುಗಿಸೋ ಮಾತು. ಇದನ್ನ ಹೇಳಿದ ಯೇಸುವಿಗೇ ಒಬ್ಬ ಕೆನ್ನೆಗೆ ಹೊಡೀತಾನೆ. ಯೋಹಾನನ ಸುವಾರ್ತೆ 18ನೇ ಅಧ್ಯಾಯದಲ್ಲಿ, ಮಹಾಯಾಜಕನ ಮನೆಯ ವಿಚಾರಣೆಯಲ್ಲಿ. ಆಗ ಯೇಸು ಏನ್ ಮಾಡ್ದ? ತಿರುಗಿ ಹೊಡೀಲಿಲ್ಲ, ಸುಮ್ಮನೂ ಇರಲಿಲ್ಲ. ನಾನು ತಪ್ಪು ಹೇಳಿದ್ರೆ ಏನು ತಪ್ಪು ಅಂತ ತೋರಿಸು, ಸರಿ ಹೇಳಿದ್ರೆ ಯಾಕೆ ಹೊಡೆದೆ ಅಂತ ಕೇಳ್ದ. ಕೈ ಕಟ್ಟಿದ್ದಾರೆ, ಸುತ್ತ ಕಾವಲಿನವರಿದ್ದಾರೆ, ಪ್ರಶ್ನೆ ಮಾತ್ರ ನೆಟ್ಟಗಿದೆ. ಭಾನುವಾರಗಳಲ್ಲಿ ಇನ್ನೊಂದು ಕೆನ್ನೆಯ ಬಗ್ಗೆ ಕೇಳಿದಷ್ಟು ಈ ಪ್ರಶ್ನೆಯ ಬಗ್ಗೆ ನಾನು ಕೇಳಿಲ್ಲ.

ಈಗ ಇದೆಲ್ಲ ಎರಡು ಸಾವಿರ ವರ್ಷ ಹಳೇದು ಅನ್ನಿಸಬಹುದು. ನಮ್ಮ ಅಜ್ಜ ಅಜ್ಜಿಯರ ಕಾಲದ ಒಂದು ಕಥೆ ಹೇಳ್ತೀನಿ. ಇವತ್ತಿನ ಕಂತು ಮಾಡಿದ್ದೇ ಇದಕ್ಕೋಸ್ಕರ.

ಜೇಮ್ಸ್ ಲಾಸನ್ ಹುಟ್ಟಿದ್ದು 1928ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಕಪ್ಪು ಜನಾಂಗದ ಮೆಥಡಿಸ್ಟ್ ಪಾದ್ರಿಯ ಮಗ. ಬೆಳೆದದ್ದು ಓಹಾಯೊ ರಾಜ್ಯದ ಮ್ಯಾಸಿಲನ್ ಅನ್ನೋ ಊರಲ್ಲಿ. ಚಿಕ್ಕ ಹುಡುಗನಾಗಿದ್ದಾಗ ಒಂದು ದಿನ ಅಮ್ಮ ಹೇಳಿದ ಕೆಲಸಕ್ಕೆ ಬೀದಿಗೆ ಹೋಗ್ತಾನೆ. ಕಾರಿನಲ್ಲಿ ಕೂತಿದ್ದ ಒಂದು ಬಿಳಿಯರ ಮಗು ಜನಾಂಗ ಹಿಡಿದು ಬೈಯುತ್ತೆ. ಇವನು ಹೋಗಿ ಪಟಾರಂತ ಕೆನ್ನೆಗೆ ಕೊಟ್ಟು, ಮನೆಗೆ ಬಂದು ಅಮ್ಮನಿಗೆ ಹೇಳ್ತಾನೆ. ಅಮ್ಮ ಒಲೆ ಮುಂದೆ ಅಡುಗೆ ಮಾಡ್ತಿದ್ದವರು ತಿರುಗಿಯೂ ನೋಡದೆ ಕೇಳಿದ್ರಂತೆ, ಅದರಿಂದ ಏನು ಒಳ್ಳೇದಾಯ್ತು ಅಂತ. ಇದಕ್ಕಿಂತ ಒಳ್ಳೆ ದಾರಿ ಇರಲೇಬೇಕು ಅಂದ್ರಂತೆ. ಲಾಸನ್ ಇಡೀ ಜೀವನ ಈ ಘಟನೆ ಹೇಳ್ತಿದ್ರು.

ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲ್ಲ ಅಂತ ನಿರಾಕರಿಸಿ ಒಂದು ವರ್ಷಕ್ಕೂ ಹೆಚ್ಚು ಜೈಲಲ್ಲಿದ್ರು. ಹೊರಗೆ ಬಂದವರು 1953ರಲ್ಲಿ ಎಲ್ಲಿಗೆ ಬಂದ್ರು ಗೊತ್ತಾ? ನಾಗಪುರಕ್ಕೆ. ಅಲ್ಲಿನ ಹಿಸ್ಲಾಪ್ ಕಾಲೇಜಿಗೆ ಮೆಥಡಿಸ್ಟ್ ಮಿಷನರಿಯಾಗಿ. ಮೂರು ವರ್ಷ ಇದ್ದು ಗಾಂಧಿಯ ಸತ್ಯಾಗ್ರಹವನ್ನ ಅಭ್ಯಾಸ ಮಾಡಿದ್ರು. ಮಾಂಟ್ಗೊಮರಿ ಊರಿನ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ಟಿದ್ದಾರೆ, ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅನ್ನೋ ಯುವ ಪಾದ್ರಿ ಅನ್ನೋ ಸುದ್ದಿಯನ್ನ ಲಾಸನ್ ಓದಿದ್ದು ನಾಗಪುರದ ಪತ್ರಿಕೆಯಲ್ಲಿ. 1956ರಲ್ಲಿ ವಾಪಸ್ ಹೋದ್ರು. ಮುಂದೆ ಕಿಂಗ್ ಅವರ ಭೇಟಿ. ದಕ್ಷಿಣಕ್ಕೆ ಬಾ ಅಂತ ಕಿಂಗ್ ಕರೆದ್ರು. 1958ರ ಹೊತ್ತಿಗೆ ಲಾಸನ್ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ದೇವತಾಶಾಸ್ತ್ರ ವಿದ್ಯಾರ್ಥಿ.

ಅಲ್ಲಿನ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಕಪ್ಪು ಜನ ಸಾಮಾನು ಕೊಳ್ಳಬಹುದು, ದುಡ್ಡು ಕೊಡಬಹುದು, ಆದ್ರೆ ಅದೇ ಅಂಗಡಿಯ ಊಟದ ಕೌಂಟರ್‌ನಲ್ಲಿ ಕೂತು ಒಂದು ಕಾಫಿ ಕುಡಿಯೋ ಹಾಗಿಲ್ಲ. ಲಾಸನ್ ಕ್ಲಾರ್ಕ್ ಮೆಮೋರಿಯಲ್ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ತರಗತಿ ಶುರು ಮಾಡಿದ್ರು. ಕಾಲೇಜು ಹುಡುಗ ಹುಡುಗಿಯರು. ಈ ತರಗತಿ ಹೇಗಿತ್ತು ಅನ್ನೋದೇ ನನಗೆ ಬಹಳ ಮುಖ್ಯ ಅನ್ನಿಸೋದು. ಕೆಲವರು ಕೌಂಟರ್‌ನಲ್ಲಿ ಕೂತವರ ಪಾತ್ರ, ಇನ್ನು ಕೆಲವರು ದಾಳಿ ಮಾಡೋರ ಪಾತ್ರ. ಬೈಯೋದು, ತಳ್ಳೋದು, ಕುರ್ಚಿಯಿಂದ ಎಳೆದು ಕೆಡವೋದು, ಮುಖಕ್ಕೆ ಸಿಗರೇಟ್ ಹೊಗೆ ಬಿಡೋದು. ಕೂತವರು ತಿರುಗಿ ಹೊಡೀಬಾರದು, ಬೈಯಬಾರದು. ಬಿದ್ದಾಗ ತಲೆ ಹೇಗೆ ಕಾಪಾಡ್ಕೋಬೇಕು, ಪಕ್ಕದವನಿಗೆ ಏಟು ಬೀಳ್ತಿದ್ರೆ ಅಡ್ಡ ಹೇಗೆ ಬರಬೇಕು, ಹೊಡೆಯೋನ ಕಣ್ಣಲ್ಲಿ ಕಣ್ಣಿಟ್ಟು ಹೇಗೆ ನೋಡಬೇಕು, ಇದೆಲ್ಲ ಅಭ್ಯಾಸ. ವಾರಗಟ್ಟಲೆ. ಕಬಡ್ಡಿ ತಂಡ ಪ್ರಾಕ್ಟೀಸ್ ಮಾಡಿದ ಹಾಗೆ. ಸಾಧುತ್ವ ಅನ್ನೋದು ಕೆಲವರಿಗೆ ಹುಟ್ಟಿನಿಂದ ಬರೋ ಸ್ವಭಾವ ಅಂತ ನಾವು ಅಂದ್ಕೊಂಡಿರ್ತೀವಿ. ಈ ಮಕ್ಕಳು ಅದನ್ನ ಬೆವರು ಸುರಿಸಿ ಕಲಿತ್ರು.

1960ರ ಫೆಬ್ರವರಿ 13. ಶನಿವಾರ. ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಚೆನ್ನಾಗಿ ಬಟ್ಟೆ ಹಾಕ್ಕೊಂಡು, ಪುಸ್ತಕ ಹಿಡ್ಕೊಂಡು ಹೋಗಿ ಕೌಂಟರ್‌ಗಳಲ್ಲಿ ಕೂತ್ರು. ಕಾಫಿ ಕೊಡಲಿಲ್ಲ. ಇವರು ಪಾಠ ಓದ್ತಾ ಕೂತ್ರು. ಎರಡು ವಾರ ಕಳೆದು ಫೆಬ್ರವರಿ 27ಕ್ಕೆ ಗುಂಪು ನುಗ್ಗಿತು. ಎಳೆದು, ಬಡಿದು, ಒದ್ದರು. ಪೊಲೀಸರು ಬಂದು ಬಂಧಿಸಿದ್ದು ಹೊಡೆದವರನ್ನಲ್ಲ, ಹೊಡೆಸಿಕೊಂಡ 81 ವಿದ್ಯಾರ್ಥಿಗಳನ್ನ. ಒಂದು ಗುಂಪನ್ನ ಕರೆದೊಯ್ದ ತಕ್ಷಣ ಇನ್ನೊಂದು ಗುಂಪು ಬಂದು ಅದೇ ಕುರ್ಚಿಗಳಲ್ಲಿ ಕೂತಿತು. ಕೋರ್ಟು ದಂಡ ಹಾಕಿದ್ರೆ ಹಲವರು ಕಟ್ಟಲ್ಲ, ಜೈಲಿಗೇ ಹೋಗ್ತೀವಿ ಅಂದ್ರು. ಜಾನ್ ಲೂಯಿಸ್ ಅನ್ನೋ ವಿದ್ಯಾರ್ಥಿ ಟೈಪ್ ಮಾಡಿದ ನಿಯಮಗಳ ಹಾಳೆ ಎಲ್ಲರ ಕೈಯಲ್ಲಿತ್ತು. ನೆಟ್ಟಗೆ ಕೂರಿ, ಕೌಂಟರ್ ಕಡೆಗೇ ಮುಖ ಮಾಡಿ, ದಾರಿಗೆ ಅಡ್ಡ ನಿಲ್ಲಬೇಡಿ, ಅಂಥವು. ಯೇಸು, ಗಾಂಧಿ, ಥೋರೋ, ಕಿಂಗ್ ಕಲಿಸಿದ್ದನ್ನ ನೆನಪಿಟ್ಕೊಳ್ಳಿ ಅನ್ನೋದೂ ಅದರಲ್ಲಿತ್ತು.

ಆ ದಿನಗಳ ಒಂದು ಸಣ್ಣ ಘಟನೆ ನನಗೆ ಬಹಳ ಇಷ್ಟ. ಏಟು ತಿನ್ನುತ್ತಿದ್ದ ವಿದ್ಯಾರ್ಥಿಗಳ ನೆರವಿಗೆ ಲಾಸನ್ ಹೋದಾಗ ಒಬ್ಬ ಬಿಳಿಯ ಯುವಕ ಅವರ ಮೇಲೆ ಉಗುಳ್ತಾನೆ. ಲಾಸನ್ ಅವನನ್ನೇ, ಕರ್ಚೀಫ್ ಇದೆಯಾ ಅಂತ ಕೇಳ್ತಾರೆ. ಅವನಿಗೆ ಏನೂ ತೋಚದೆ ಜೇಬಿಂದ ತೆಗೆದು ಕೊಟ್ಟುಬಿಡ್ತಾನೆ. ಲಾಸನ್ ಮುಖ ಒರೆಸ್ಕೊಂಡು, ನಿನ್ನ ಹತ್ರ ಮೋಟಾರ್ ಸೈಕಲ್ ಇದೆಯಾ ಅಂತ ಮಾತಿಗೆಳೀತಾರೆ. ಇಬ್ಬರೂ ಗಾಡಿ ವಿಷಯ ಮಾತಾಡ್ತಾ ನಿಲ್ತಾರೆ, ಆ ಹೊತ್ತಿಗೆ ವಿದ್ಯಾರ್ಥಿಗಳು ಎದ್ದು ಸುಧಾರಿಸ್ಕೊಂಡಿರ್ತಾರೆ. ಉಗುಳಿದವನ ಹತ್ರಾನೇ ಕರ್ಚೀಫ್ ಕೇಳೋಕೆ ಎಂಥಾ ಗುಂಡಿಗೆ ಬೇಕು!

ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಲಾಸನ್‌ರನ್ನ ಹೊರಹಾಕಿತು. ಏಪ್ರಿಲ್ 19ರ ಬೆಳಗಿನ ಜಾವ, ವಿದ್ಯಾರ್ಥಿಗಳ ಪರ ವಾದಿಸ್ತಿದ್ದ ವಕೀಲ ಅಲೆಗ್ಸಾಂಡರ್ ಲೂಬಿಯವರ ಮನೆಗೆ ಡೈನಮೈಟ್ ಎಸೆದ್ರು. ಗಂಡ ಹೆಂಡತಿ ಬದುಕಿದ್ದೇ ಹೆಚ್ಚು. ಅವತ್ತೇ ಸಾವಿರಾರು ಜನ ನಗರಸಭೆ ಕಡೆಗೆ ನಡೆದ್ರು. ಘೋಷಣೆ ಇಲ್ಲ, ಮಾತಿಲ್ಲ, ಬರೀ ಹೆಜ್ಜೆ ಸಪ್ಪಳ. ಮೆಟ್ಟಿಲ ಮೇಲೆ ಡಯಾನ್ ನ್ಯಾಶ್ ಅನ್ನೋ ವಿದ್ಯಾರ್ಥಿನಿ, ವಯಸ್ಸು 21, ಮೇಯರ್ ಬೆನ್ ವೆಸ್ಟ್‌ರನ್ನ ನೇರವಾಗಿ ಕೇಳಿದ್ರು: ಒಬ್ಬ ಮನುಷ್ಯನನ್ನ ಬಣ್ಣದ ಕಾರಣಕ್ಕೆ ಭೇದ ಮಾಡೋದು ತಪ್ಪು ಅಂತ ನಿಮಗೆ ಅನ್ನಿಸುತ್ತಾ? ಮೇಯರ್‌ಗೆ ಸುತ್ತಿ ಬಳಸಿ ಹೇಳೋಕೆ ಆಗಲಿಲ್ಲ. ತಪ್ಪು ಅಂತ ಒಪ್ಪಿಕೊಂಡ್ರು. ಮೇ 10ರಂದು ಪೇಟೆಯ ಆರು ಅಂಗಡಿಗಳ ಕೌಂಟರ್‌ಗಳಲ್ಲಿ ಕಪ್ಪು ಗ್ರಾಹಕರು ಕೂತು ತಿಂದ್ರು.

ಇಲ್ಲಿ ಒಂದು ಮಾತು ಸೇರಿಸ್ಲೇಬೇಕು, ಇಲ್ಲಾಂದ್ರೆ ಕಥೆ ತುಂಬಾ ಸಿಹಿಯಾಗಿಬಿಡುತ್ತೆ. ಮೇಯರ್ ಮನಸ್ಸು ಕರಗಿದ್ದೊಂದೇ ಕಾರಣ ಅಲ್ಲ. ಕಪ್ಪು ಕುಟುಂಬಗಳು ಈಸ್ಟರ್ ಹಬ್ಬದ ಹೊತ್ತಿಗೇ ಆ ಅಂಗಡಿಗಳಲ್ಲಿ ಖರೀದಿ ನಿಲ್ಲಿಸಿದ್ವು. ಗಲ್ಲಾಪೆಟ್ಟಿಗೆ ಖಾಲಿ ಹೊಡೀತಿತ್ತು. ಅಂದ್ರೆ ಈ ಸಾಧುಗಳು ಲೆಕ್ಕ ಬಲ್ಲವರು. ಯಾರಿಗೂ ಕೈ ಎತ್ತಲಿಲ್ಲ, ಯಾರನ್ನೂ ಕೀಳಾಗಿ ಕಾಣಲಿಲ್ಲ, ತಮ್ಮ ಬೇಡಿಕೆಯಿಂದ ಒಂದಿಂಚೂ ಹಿಂದೆ ಸರಿಯಲಿಲ್ಲ.

ನಿಯಮಗಳ ಹಾಳೆ ಟೈಪ್ ಮಾಡಿದ ಜಾನ್ ಲೂಯಿಸ್‌ಗೆ ಮರುವರ್ಷ, 1961ರ ಮೇನಲ್ಲಿ, ರಾಕ್ ಹಿಲ್ ಅನ್ನೋ ಊರಿನ ಬಸ್ ನಿಲ್ದಾಣದಲ್ಲಿ ಮುಖದಲ್ಲಿ ರಕ್ತ ಬರೋ ಹಾಗೆ ಹೊಡೆದ್ರು. ಪೊಲೀಸರು ದೂರು ಕೊಡ್ತೀರಾ ಅಂದ್ರೆ ಬೇಡ ಅಂದ್ರು. 2009ರಲ್ಲಿ, 48 ವರ್ಷ ಆದ ಮೇಲೆ, ಹೊಡೆದವರಲ್ಲಿ ಒಬ್ಬನಾದ ಎಲ್ವಿನ್ ವಿಲ್ಸನ್ ತನ್ನ ಮಗನನ್ನೂ ಕರ್ಕೊಂಡು ವಾಷಿಂಗ್ಟನ್‌ಗೆ ಬಂದು, ಅಷ್ಟರಲ್ಲಿ ಸಂಸದರಾಗಿದ್ದ ಲೂಯಿಸ್ ಮುಂದೆ ಕ್ಷಮೆ ಕೇಳಿದ. ಲೂಯಿಸ್ ಕ್ಷಮಿಸಿದ್ರು. ಹೊಡೆದವರೆಲ್ಲ ಹೀಗೆ ಬರಲ್ಲ. ಬಂದವನು ಒಬ್ಬ. ಅದಕ್ಕೇ ಕಾಯ್ತಾ ಕೂರೋದು ಸಾಧುತ್ವ ಅಲ್ಲ ಅನ್ನೋದು ನನ್ನ ಅನಿಸಿಕೆ. ಲಾಸನ್‌ರನ್ನ ಹೊರಹಾಕಿದ ವಿಶ್ವವಿದ್ಯಾಲಯವೂ 2006ರಲ್ಲಿ ಅವರನ್ನ ಪಾಠ ಮಾಡೋಕೆ ಕರೆಸ್ಕೊಂಡಿತು. ಅವರು ಹೋದ್ರು. 2024ರ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

ಈಗ ನಮ್ಮ ಕೇಳುಗರ ಪ್ರಶ್ನೆಗೆ ಬರ್ತೀನಿ. ಟೇಬಲ್ ಮೇಲೆ ಬೇರೆಯವರ ಕೆಲಸ ಬಂದು ಬೀಳ್ತಿದೆ, ನೀವು ಸುಮ್ಮನೆ ಮಾಡ್ತಿದ್ದೀರಿ. ಒಂದು ಪ್ರಶ್ನೆ, ಬೇಜಾರ್ ಮಾಡ್ಕೋಬೇಡಿ. ನಿಮಗೆ ‘ಆಗಲ್ಲ’ ಅನ್ನೋ ಶಕ್ತಿ ಇದ್ದು ಪ್ರೀತಿಯಿಂದ ಮಾಡ್ತಿದ್ದೀರಾ, ಅಥವಾ ಅನ್ನೋಕೆ ಭಯ ಆಗಿ ಮಾಡ್ತಿದ್ದೀರಾ? ಎರಡನೆಯದಾದ್ರೆ ಅದಕ್ಕೆ ಬೈಬಲ್‌ನ ಹೆಸರು ಕೊಡಬೇಡಿ. ಭಯ ಆಗೋದು ಪಾಪ ಅಂತ ಹೇಳ್ತಿಲ್ಲ, ಮೊದಲ ಕೆಲಸದಲ್ಲಿ ಯಾರಿಗೆ ಭಯ ಇರಲ್ಲ? ಆದ್ರೆ ಅದು ಬೇರೆ, ಇದು ಬೇರೆ. ಫಿಲಿಪ್ಪಿ ಪಟ್ಟಣದಲ್ಲಿ ಪೌಲನನ್ನ ವಿಚಾರಣೆ ಇಲ್ಲದೆ ಹೊಡೆದು ಜೈಲಿಗೆ ಹಾಕಿ, ಬೆಳಗ್ಗೆ ಅಧಿಕಾರಿಗಳು ಸದ್ದಿಲ್ಲದೆ ಕಳಿಸಿಬಿಡೋಕೆ ನೋಡ್ತಾರೆ. ಪೌಲ ಹೋಗಲ್ಲ. ನಾವು ರೋಮಿನ ಪ್ರಜೆಗಳು, ಅವರೇ ಬಂದು ನಮ್ಮನ್ನ ಹೊರಗೆ ಕರ್ಕೊಂಡು ಹೋಗ್ಲಿ ಅಂತಾನೆ. ಅವರು ಬಂದ್ರು. ಸಾಧುತ್ವವನ್ನ ಆತ್ಮದ ಫಲ ಅಂತ ಪಟ್ಟಿಗೆ ಸೇರಿಸಿದವನೂ ಇದೇ ಪೌಲ. ಹಾಗಾಗಿ, ಯಾರ ಕೆಲಸ ಯಾವುದು ಅಂತ ಒಂದು ಇಮೇಲ್ ಬರೆದು, ಮರ್ಯಾದೆಯಾಗಿ, ತಾರೀಖು ಸಮೇತ ಕೇಳೋದು ಧಾರಾಳವಾಗಿ ಸಾಧುತ್ವವೇ.

ಇನ್ನೂ ಒಂದು. ಗಂಡ ಹೊಡೀತಾನೆ ಅಂತ ಹೇಳ್ಕೊಂಡು ಬಂದ ಹೆಣ್ಣುಮಗಳಿಗೆ ‘ಸಾಧುವಾಗಿರಮ್ಮ, ಪ್ರಾರ್ಥನೆ ಮಾಡು’ ಅಂತ ಕಳಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಇದಕ್ಕಿಂತ ಕೆಟ್ಟ ಬಳಕೆ ಈ ಪದಕ್ಕಿಲ್ಲ. ನ್ಯಾಶ್‌ವಿಲ್‌ನ ಮಕ್ಕಳು ತಾವೇ ಆರಿಸ್ಕೊಂಡು ಹೋದ್ರು, ಒಟ್ಟಾಗಿ ಹೋದ್ರು, ಅನ್ಯಾಯ ಬಯಲಿಗೆ ಬರಲಿ ಅಂತ ಹೋದ್ರು. ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಏಟು ತಿನ್ನೋದು ಇದಲ್ಲ. ಈ ಗುಣವನ್ನ ನನ್ನಿಂದ ನಾನು ಕೇಳಬಹುದು, ಏಟು ತಿನ್ನುತ್ತಿರೋರಿಂದ ನಾನು ಕೇಳೋ ಹಾಗಿಲ್ಲ. ಅಂಥ ಸ್ಥಿತಿಯಲ್ಲಿರೋರು ಯಾರಾದ್ರೂ ಕೇಳ್ತಿದ್ರೆ, ಮಹಿಳಾ ಸಹಾಯವಾಣಿ 181, ತುರ್ತು ಇದ್ರೆ 112.

ನನ್ನ ಕಥೆ ಎಲ್ಲಿಗೆ ಬಂತು ಅಂತ ಕೇಳ್ತೀರಿ, ಗೊತ್ತು. ವಾಯ್ಸ್ ನೋಟ್ ಡಿಲೀಟ್ ಮಾಡೋಕೆ ಹೋದೆ, ಸಮಯ ಮೀರಿತ್ತು, ಎಲ್ಲರ ಫೋನಲ್ಲೂ ಹಾಗೇ ಇದೆ. ಕ್ಷಮೆ ಕೇಳಿದ್ರೆ ಅಮ್ಮನ ಪಾಲು ಬಿಟ್ಟುಕೊಟ್ಟ ಹಾಗಾಗುತ್ತೆ ಅನ್ನೋ ಹೆದರಿಕೆಗೆ ಇಷ್ಟು ದಿನ ತಡ ಮಾಡಿದೆ. ಎರಡೂ ಬೇರೆ ಬೇರೆ ವಿಷಯ ಅನ್ನೋದು ತಲೆಗೆ ಹೋಗೋಕೆ ಮೂರು ತಿಂಗಳು ಬೇಕಾಯ್ತು. ಮೊನ್ನೆ ಗ್ರೂಪ್‌ನಲ್ಲೇ ಬರೆದೆ, ಅವಮಾನ ಮಾಡಿದ್ದು ಇಪ್ಪತ್ಮೂರು ಜನರ ಮುಂದೆ ಅಲ್ವಾ, ಕ್ಷಮೆಯೂ ಅಲ್ಲೇ. ಮಾವ, ಆಸ್ಪತ್ರೆ ಮಾತು, ಮಕ್ಕಳ ಮಾತು, ಸಾಲದ ಮಾತು ನಾನು ಆಡಬಾರದಿತ್ತು, ತಪ್ಪಾಯ್ತು. ಮನೆ ವಿಷಯ ನಿಮ್ಮ ಹತ್ರ ಕೂತು ಮಾತಾಡ್ಬೇಕು. ಅಷ್ಟೇ ಬರೆದಿದ್ದು.

ಉತ್ತರ ಬರಲಿಲ್ಲ. ನಿನ್ನೆ ಸಂಜೆ ಫೋನ್ ಮಾಡಿದೆ, ಅತ್ತೆ ಎತ್ತಿದ್ರು. ‘ತೋಟದಲ್ಲಿದ್ದಾರೆ’ ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಭಾನುವಾರ ಬರ್ತೀಯಾ? ಅಮ್ಮನ್ನೂ ಕರ್ಕೊಂಡು ಬಾ’ ಅಂದ್ರು. ಹೋಗ್ತಿದ್ದೀನಿ. ಬ್ಯಾಗಲ್ಲಿ ಮನೆ ಪತ್ರದ ನಕಲೂ ಇದೆ, ಅಮ್ಮ ಕರಿದಿಟ್ಟ ಕೋಡುಬಳೆ ಡಬ್ಬಿಯೂ ಇದೆ. ಮಾವನಿಗೆ ಕೋಡುಬಳೆ ಇಷ್ಟ.